ಮೊದಲು ಇಲ್ಲ ಅನ್ನಿ

ತಾನು ಹುಟ್ಟಿ ಬೆಳೆದ ಇಟ್ಟಿಗೆ ಮನೆಯ ಬಾಗಿಲು ಒಂದು ಹಬ್ಬಕ್ಕಾದರೂ ತನ್ನವರಿಗೆ ತೆರೆಯಬೇಕು, ಅದೂ ಕ್ರಮಪ್ರಕಾರವೇ ತೆರೆಯಬೇಕು ಎನ್ನುವುದು ಮುದುಕಿ ಹಸಿಂತಳ ಹಟ. ವಿಶ್ವವಿದ್ಯಾಲಯ ಕಟ್ಟುವಾಗ ಆ ಕೇರಿಗೆ ಕೇರಿಯೇ ಬುಲ್ಡೋಜರಿನ ಬಾಯಿಗೆ ಹೋಗಿತ್ತು. ಚಂದಕ್ಕೆಂದು ಉಳಿಸಿಕೊಂಡ ನಾಲ್ಕಾರು ಮನೆಗಳಲ್ಲಿ ಇದೂ ಒಂದು. ಅವಳ ಅಮ್ಮ ಜೋಳದ ಹಿಟ್ಟಿನ ಕಡುಬು, ತಮಾಲೆ, ಬೇಯಿಸುತ್ತಿದ್ದ ಅಡುಗೆಮನೆಯಲ್ಲಿ ಈಗ ಪಾರ್ಕಿಂಗ್ ಪಾಸು ಕೊಡುತ್ತಾರೆ.

ಆ ಡಿಸೆಂಬರಿನಲ್ಲಿ ವಿಶ್ವವಿದ್ಯಾಲಯಕ್ಕೆ ಹಳೆಯದೆಲ್ಲ ನೆನಪಾಯಿತು. ಒಕ್ಕಲೆಬ್ಬಿಸಿದವರನ್ನು ಕರೆದು, ನಿಮ್ಮ ಕ್ರಿಸ್ಮಸ್ ಹೊತ್ತಿನ ಪೊಸಾದ ಹಬ್ಬ ಈ ಸಲ ಈ ಮನೆಯಲ್ಲೇ ಆಗಲಿ ಎಂದಿತು. ಪೊಸಾದದಲ್ಲಿ ಹೊರಗಿನವರು ಯೇಸುವನ್ನು ಹೊತ್ತ ಬಸುರಿ ತಾಯಿ ಮರಿಯಳಿಗೆ ತಂಗಲು ಜಾಗ ಕೊಡಿ ಎಂದು ಹಾಡಿದರೆ, ಒಳಗಿನವರು ಜಾಗವಿಲ್ಲ, ನಡೆಯಿರಿ ಎಂದು ಹಾಡಿಯೇ ಅಟ್ಟಬೇಕು. ಮತ್ತೆ ಕೇಳಬೇಕು, ಮತ್ತೆ ಅಟ್ಟಬೇಕು. ಬಾಗಿಲು ತೆರೆಯುವುದು ಕೊನೆಗೆ.

ಒಳಗಿನ ಪಾಲು ಕುಲಪತಿ ಪ್ರೆಂಟಿಸರಿಗೆ ಬಂತು. ಹಾಡಿನ ಅರ್ಥ ಕೇಳಿ ಅವರು ಬಿಳಿಚಿಕೊಂಡರು. ಟಿವಿಯವರು ಬರುತ್ತಾರೆ, ಅಟ್ಟುವ ಸಾಲು ಬಿಟ್ಟು ನೇರವಾಗಿ ಬಾಗಿಲು ತೆಗೆದರಾಗದೇ ಎಂದು ನಯವಾಗಿ ಕೇಳಿದರು.

ಗೆಳತಿ ಒಫೆಲಿಯ ಹಸಿಂತಳ ಪಕ್ಕೆ ತಿವಿದಳು. "ಹೋಗ್ಲಿ ಬಿಡು ಕೊಮಾದ್ರೆ. ತೆಗೀತೀನಿ ಅಂತಾರಲ್ಲ. ಚಳೀಲಿ ನನ್ ಮಂಡಿ ಬೇರೆ ಹಿಡ್ಕೊಳ್ಳುತ್ತೆ."

"ಮಂಡಿ ಹಿಡ್ಕೊಂಡ್ರೂ ನಿನ್ ಬಾಯಿ ಹಿಡ್ಕೊಳ್ಳಲ್ವಲ್ಲೇ," ಎಂದ ಹಸಿಂತ ಕುಲಪತಿಗಳತ್ತ ತಿರುಗಿದಳು. "ಸೆನ್ಯೋರ್, ನಮ್ಮನ್ನ ಅಟ್ಟಿದ್ದು ನಿಜ ತಾನೆ? ಅದನ್ನ ನಿಮ್ಮ ಬಾಯಿಂದ ಒಂದ್ಸಲ ಕೇಳ್ಬೇಕು ನಾವು. ಮೊದಲು ಇಲ್ಲ ಅನ್ನಿ. ಆಗಲ್ಲ ಅಂದ್ರೆ ಟಿವಿಯವರಿಗೆ ನೀವೇ ಕುಣಿದು ತೋರ್ಸಿ, ನಾವ್ ಬರಲ್ಲ."

ಹಾಗೇ ಆಗಲಿ ಎಂದು ಕುಲಪತಿಗಳು ಒಪ್ಪಿದರು. ಹಬ್ಬದ ಸಂಜೆ ಹಿಮ ಉದುರುತ್ತಿತ್ತು. ಹಳೆಯ ಕೇರಿಯವರೆಲ್ಲ ಮೇಣದಬತ್ತಿ ಹಿಡಿದು ಜಗಲಿ ತುಂಬಿಕೊಂಡು ಹಾಡಿದರು. ಒಳಗಿಂದ ಅಟ್ಟುವ ಸಾಲು ಕೇಳುವ ಮೊದಲೇ ಚಿಲಕ ಸರಿದು ಬಾಗಿಲು ಸಂದು ಬಿಟ್ಟಿತು. ಒಫೆಲಿಯ ಹೆಜ್ಜೆ ಎತ್ತಿಯೇಬಿಟ್ಟಳು. ಹಸಿಂತ ಹಿಡಿ ಜಗ್ಗಿ ಬಾಗಿಲನ್ನು ಹೊರಗಿನಿಂದಲೇ ಮುಚ್ಚಿದಳು.

"ಹಾಡಿ," ಎಂದಳು ಒಳಗಿದ್ದವರಿಗೆ.

ಬಾಗಿಲ ಹಿಂದಿನಿಂದ ಪ್ರೆಂಟಿಸರ ಸಣ್ಣ, ಅಪಸ್ವರದ ದನಿ ಬಂತು. ಇಲ್ಲಿ ನಿಮಗೆ ಜಾಗವಿಲ್ಲ, ನಡೆಯಿರಿ ಎಂದಿತು. ಜಗಲಿಯ ಮೇಲೆ ಯಾರೋ ಬಿಕ್ಕಿದರು. ಹಸಿಂತ ಮುಂದಿನ ಸಾಲನ್ನು ಇನ್ನೂ ಗಟ್ಟಿಯಾಗಿ ಎತ್ತಿಕೊಂಡಳು, ಕೇರಿಯೇ ಅವಳ ಹಿಂದೆ ಎತ್ತಿಕೊಂಡಿತು.

ಬಾಗಿಲು ತೆರೆದಾಗ ಪ್ರೆಂಟಿಸರ ಕಣ್ಣು ಕೆಂಪಾಗಿತ್ತು. ದಯವಿಟ್ಟು ಬನ್ನಿ ಎಂದು ಕೈಚಾಚಿದರು. ಹಸಿಂತ ಒಫೆಲಿಯಳ ಕೈಯಿಂದ ತಮಾಲೆ ಪಾತ್ರೆ ಇಸಿದುಕೊಂಡು ಅವರನ್ನು ದಾಟಿ ನಡೆದಳು. ಅಮ್ಮನ ಒಲೆಯಿದ್ದ ಮೂಲೆಯಲ್ಲಿ ಅದನ್ನಿಟ್ಟು, ತಿರುಗಿ ನೋಡಿದಳು.

"ಬಾಗಿಲಲ್ಲೇ ಯಾಕೆ ನಿಂತ್ರಿ? ಬನ್ನಿ ಒಳಗೆ. ನಮ್ಮನೇಗೆ ಬಂದೋರು ತಿಂದೇ ಹೋಗ್ಬೇಕು."