ಕಂಪನಿಯವರು ಕೊಟ್ಟ ಸ್ಟೀರಿಯೊ

ಮೂರನೆಯ ಸಲವೂ ಕಾರು ಸ್ಟಾರ್ಟ್ ಆಗಲಿಲ್ಲ. ಕೀಲಿ ತಿರುವಿದರೆ ಬಾನೆಟ್ಟಿನೊಳಗೆ ಟಿಕ್ ಟಿಕ್ ಎಂದಿತು. ಮುಂದಿನ ದೀಪಗಳು ಮಂಕಾಗಿ ಹೊತ್ತಿಕೊಂಡು ಆರಿದವು. ಪಕ್ಕದ ಸೀಟಿನಲ್ಲಿ ಅಮ್ಮ ಆಗಲೇ ಬೆಲ್ಟು ಹಾಕಿಕೊಂಡು, ಆಸ್ಪತ್ರೆಯ ಚೀಲ ಮಡಿಲಲ್ಲಿಟ್ಟುಕೊಂಡು ಕೂತಿದ್ದಳು.

"ದಸ್ತಗೀರ ಯಾಕ ಮಾತಾಡವಲ್ಲ?" ಎಂದು ಕೇಳಿದಳು.

ದಸ್ತಗೀರಸಾಬ್ ಅವಳ ತಮ್ಮ, ಕುರುಗೋಡಿನಲ್ಲಿರುವ ನನ್ನ ಮಾಮು. ನಾನು ಕಾರು ಕೊಂಡ ಹೊಸತರಲ್ಲಿ ಆತ ಪ್ರಯಾಣದ ದುವಾ ಮತ್ತು ಕುರಾನಿನ ಒಂದಷ್ಟು ಆಯತ್ತುಗಳನ್ನು ತನ್ನ ದನಿಯಲ್ಲೇ ಓದಿ, ಪೆನ್ ಡ್ರೈವಿಗೆ ಹಾಕಿಸಿ, ಅದಕ್ಕೊಂದು ಹಸಿರು ದಾರ ಕಟ್ಟಿ ಕಳಿಸಿದ್ದ. ಅಂದಿನಿಂದ ಅದು ಸ್ಟೀರಿಯೊದ ಕೆಳಗಿನ ತೂತಿನಲ್ಲೇ ಇದೆ. ಎಂಜಿನ್ ಶುರುವಾದೊಡನೆ ಮಾಮು ಒಮ್ಮೆ ಕೆಮ್ಮಿ, ಗಂಟಲು ಸರಿಮಾಡಿಕೊಂಡು ಓದತೊಡಗುತ್ತಾನೆ. ಅದನ್ನು ಯಾರೂ ಮುಟ್ಟಬಾರದೆಂದು ಅಮ್ಮನ ಅಪ್ಪಣೆ. ನನ್ನ ಡ್ರೈವಿಂಗಿನ ಮೇಲೆ ಅವಳಿಗಿರುವ ನಂಬಿಕೆ ಅಷ್ಟು.

"ಗಾಡೀನೇ ಮಾತಾಡವಲ್ದಮ್ಮ, ಮಾಮು ಎಲ್ಲಿಂದ ಮಾತಾಡಬೇಕು," ಎಂದೆ. ನನಗಾಗುತ್ತಿರುವುದು ಹೆದರಿಕೆ ಎಂದುಕೊಂಡೆ. ಆಮೇಲೆ ನೋಡಿದರೆ ಅದು ಸಿಟ್ಟು.

ಅಮ್ಮನಿಗೆ ವಾರಕ್ಕೆರಡು ಸಲ, ಸೋಮವಾರ ಮತ್ತು ಗುರುವಾರ, ಬಳ್ಳಾರಿಯಲ್ಲಿ ಡಯಾಲಿಸಿಸ್. ಹೃದಯವೂ ದುರ್ಬಲವಾಗಿರುವುದರಿಂದ ದೊಡ್ಡ ಆಸ್ಪತ್ರೆಯಲ್ಲೇ ಮಾಡಿಸಬೇಕೆಂದು ಡಾಕ್ಟರು ಹೇಳಿದ್ದಾರೆ. ಬೆಳಗಿನ ಪಾಳಿಗೆ ತಡವಾದರೆ ಅವಳ ಮಂಚ ಇನ್ನೊಬ್ಬರಿಗೆ ಹೋಗುತ್ತದೆ. ಆಮೇಲೆ ಯಾರಾದರೂ ಬಾರದೆ ಉಳಿದರೆ ನಮ್ಮ ಅದೃಷ್ಟ. ಹಿಂದಿನ ತಿಂಗಳು ಪಾಳಿ ತಪ್ಪಿದಾಗ ಅವಳು ಮಲಗಲಾಗದೆ ಗೋಡೆಗೆ ಒರಗಿ ಕೂತು ಉಸಿರಿಗಾಗಿ ಒದ್ದಾಡಿದ್ದನ್ನು ನಾನು ನೋಡಿದ್ದೇನೆ. ಇನ್ನೊಮ್ಮೆ ಹಾಗಾಗಲು ಬಿಡಬೇಡಿ ಎಂದು ಡಾಕ್ಟರು ನನ್ನ ಮುಖ ನೋಡಿಯೇ ಹೇಳಿದ್ದರು.

ಸಿರುಗುಪ್ಪದ ನಮ್ಮ ಓಣಿಯ ಕೊನೆಯ ಮನೆಯ ಗಾದೆಪ್ಪ ಟ್ರ್ಯಾಕ್ಟರ್ ತಂದು, ಅದರ ಬ್ಯಾಟರಿಯಿಂದ ನಮ್ಮ ಬ್ಯಾಟರಿಗೆ ದಪ್ಪ ವೈರು ಕೊಟ್ಟ. ಕಾರು ತಕ್ಷಣ ಎದ್ದಿತು. ಮಾಮು ಕೆಮ್ಮಿದ.

"ನಮ್ಮ ಟ್ರ್ಯಾಕ್ಟರಿಗೆ ಟೇಪೂ ಇಲ್ಲ, ಟೆನ್ಶನ್ನೂ ಇಲ್ಲ ನೋಡ್ರಿ ಅಕ್ಕಾರ," ಎಂದು ಗಾದೆಪ್ಪ ವೈರು ಸುತ್ತಿಕೊಳ್ಳುತ್ತ ನಕ್ಕ. ನಾನು ನಗಲಿಲ್ಲ. ಪಾಪ, ಅವನದೇನು ತಪ್ಪು?

ತೆಕ್ಕಲಕೋಟೆ ದಾಟುವಾಗ ಅಣ್ಣ ಇಮಾಮಹುಸೇನನ ಫೋನು ಬಂತು. ಅವನಿರುವುದು ಬಳ್ಳಾರಿಯಲ್ಲೇ; ತಡವಾಗುತ್ತದೆಂದು ಅಮ್ಮ ಆಗಲೇ ಅವನಿಗೆ ತಿಳಿಸಿದ್ದಳು.

"ಮತ್ತ ಲೈಟ್ ಹಚ್ಚಿ ಮರತಿದ್ದೇನು ಗುಲ್ಜಾರ?"

"ಮರತಿಲ್ಲ."

"ಮರತಿರ್ತಿ, ನಿನಗ ಗೊತ್ತಾಗಂಗಿಲ್ಲ. ಆ ಗಾಡಿ ಮಾರಿಬಿಡು. ಡ್ರೈವರ್ ಇರೋ ಗಾಡಿ ಮಾಡೂಣು. ಹೆಣ್ಮಕ್ಕಳಿಗೆ ಇವೆಲ್ಲ ಯಾಕ ಬೇಕು."

ನಾನು ಮರೆಯುವವಳಲ್ಲ. ಬಾಗಿಲಿಗೆ ಬೀಗ ಹಾಕಿ, ಎಳೆದು ನೋಡಿ, ನಾಲ್ಕು ಹೆಜ್ಜೆ ಹೋಗಿ, ತಿರುಗಿ ಬಂದು ಮತ್ತೆ ಎಳೆದು ನೋಡುವವಳು. ಕಾರಿನ ಸುತ್ತ ಬಂದು ಎಲ್ಲ ದೀಪಗಳೂ ಆರಿವೆಯೇ ಎಂದು ನೋಡದೆ ಮನೆಯೊಳಗೆ ಹೋದವಳಲ್ಲ. ಓಣಿಯ ಹೆಂಗಸರು ಇದನ್ನು ನೋಡಿ ನಗುತ್ತಾರೆ. ನಗಲಿ. ಆದರೆ ಇಷ್ಟೆಲ್ಲ ಮಾಡಿದವಳಿಗೆ 'ನೀನು ಮರೆತಿದ್ದೀ' ಎಂದು ಇಡೀ ಜಗತ್ತು ಹೇಳುವುದನ್ನು ಸಹಿಸುವುದು ಕಷ್ಟ.

ಮೊದಲ ಸಲ ಕೆಟ್ಟಾಗ ಬಳ್ಳಾರಿಯ ಶೋರೂಮಿನವರು ಬ್ಯಾಟರಿ ಹೊಸದು ಹಾಕಿದರು. ಎರಡನೆಯ ಸಲ ನಾನು ಅವರಿಗೆ ಎರಡು ಸಂಗತಿ ಹೇಳಿದೆ. ಒಂದು, ಇದು ಆಗುವುದು ಸೋಮವಾರವೇ. ಗುರುವಾರದ ಓಡಾಟದ ನಂತರ ಕಾರು ನಾಲ್ಕು ದಿನ ನಿಂತಿರುತ್ತದೆ. ನಾನು ಪಾಠ ಮಾಡುವ ಕಾಲೇಜಿಗೆ ನಡೆದೇ ಹೋಗುತ್ತೇನೆ. ಎರಡು, ಒಂದು ಭಾನುವಾರ ಮುಂಜಾನೆ ಛತ್ರಿ ತೆಗೆದುಕೊಳ್ಳಲು ಬಾಗಿಲು ತೆರೆದವಳು ಸುಮ್ಮನೆ ಸ್ಟೀರಿಯೊದ ಮೇಲೆ ಕೈಯಿಟ್ಟೆ. ಅದು ಬೆಚ್ಚಗಿತ್ತು, ಯಾರೋ ಈಗಷ್ಟೇ ಎದ್ದುಹೋದ ಕುರ್ಚಿಯ ಹಾಗೆ. ಗುರುವಾರದಿಂದ ಬೀಗ ಹಾಕಿದ್ದ ಕಾರು ಅದು.

ಶೋರೂಮಿನ ಅಡ್ವೈಸರ್ ಓಬಳೇಶ ಎರಡನ್ನೂ ಕೇಳಿಸಿಕೊಂಡ. ಇಸ್ತ್ರಿ ಮಾಡಿದ ಅಂಗಿ, ಕಿವಿಗೆ ಸಿಕ್ಕಿಸಿದ ಪೆನ್ನು, ಯಾವಾಗಲೂ ನಗುಮುಖ.

"ಸೋಮವಾರ ಗಾಡಿಗೂ ಉಪವಾಸ ಏನ್ರಿ ಮೇಡಂ? ಬಿಸಿ ಅಂದ್ರ, ನಮ್ಮ ಬಳ್ಳಾರಿ ಬಿಸಿಲಾಗ ತಣ್ಣಗಿರೋದು ಏನೈತಿ ಹೇಳ್ರಿ."

"ನಾನು ಮುಟ್ಟಿದ್ದು ಹೊತ್ತು ಹುಟ್ಟೋಕಿಂತ ಮುಂಚೆ."

"ಆತು ಬಿಡ್ರಿ, ನಾಕು ದಿನ ಇಟಗೊಂಡು ಚೆಕ್ ಮಾಡ್ತೀವಿ."

ಇಟ್ಟುಕೊಂಡರು. ಗುರುವಾರ ಅಮ್ಮನನ್ನು ಬಸ್ಸಿನಲ್ಲಿ ಕರೆದೊಯ್ದೆ. ನಿಂತುಕೊಂಡೇ ಹೋದೆವು. ಕಾರು ತರಲು ಹೋದಾಗ ಓಬಳೇಶ ಕೀಲಿಯನ್ನು ಬಹುಮಾನ ಕೊಡುವವನ ಹಾಗೆ ಎರಡೂ ಕೈಯಿಂದ ಕೊಟ್ಟ. "ಒಂದು ಸಲಾನೂ ತ್ರಾಸು ಕೊಡಲಿಲ್ರಿ. ನಾಕು ದಿನ ನಿಂತ್ರೂ ಒಂದೇ ಸೆಲ್ಫ್ ಸ್ಟಾರ್ಟಿಗೆ ಎದ್ದೈತಿ. ನಮ್ಮ ಕಡೆ ಏನೂ ಫಾಲ್ಟ್ ಇಲ್ಲ." ನನ್ನ ಮನೆಯಲ್ಲಿ ಸಾಯುವ ಕಾರು ಅವನ ಮನೆಯಲ್ಲಿ ಬದುಕಿತ್ತು. ನನಗೇ ನನ್ನ ಮೇಲೆ ಅನುಮಾನ ಬಂತು. ಅವನ ಮೇಲೆ ನನಗೆ ಹೆಚ್ಚಿನ ಸಿಟ್ಟು ಬಂದದ್ದು ಅದಕ್ಕಾಗಿಯೇ.

ಈಗ ಇದು ಮೂರನೆಯ ಸಲ, ಮತ್ತೆ ಸೋಮವಾರವೇ. ನಾವು ಆಸ್ಪತ್ರೆ ಮುಟ್ಟುವಷ್ಟರಲ್ಲಿ ಅಮ್ಮನ ಮಂಚದಲ್ಲಿ ಬೇರೆ ಯಾರೋ ಮಲಗಿದ್ದರು. ಮಧ್ಯಾಹ್ನ ಖಾಲಿಯಾದರೆ ಕರೆಯುತ್ತೇವೆ ಎಂದರು ಸಿಸ್ಟರ್. ಅಮ್ಮನ ಕಣ್ಣಿನ ಕೆಳಗೆ ಆಗಲೇ ಊತ ಕಾಣುತ್ತಿತ್ತು. ಅಣ್ಣ ಬಂದು ಅವಳ ಪಕ್ಕ ಕೂತ.

"ಹೇಳಿದ್ನಿಲ್ಲ ನಾನು," ಎಂದ.

ನಾನು ಕೀಲಿ ತೆಗೆದುಕೊಂಡು ಸೀದಾ ಶೋರೂಮಿಗೆ ಹೋದೆ.

ಓಬಳೇಶ ಕಾಫಿ ತರಿಸಲೇ ಎಂದ. ಬೇಡ ಎಂದೆ. "ಅಣ್ಣಾರ ನಂಬರ್ ಕೊಡ್ರಿ ಮೇಡಂ, ಅವರಿಗೆ ಡಿಟೇಲಾಗಿ ಹೇಳ್ತೀನಿ," ಎಂದ.

"ಗಾಡಿ ನನ್ನ ಹೆಸರಿಲೆ ಐತಿ. ಓಡ್ಸಾಕಿ ನಾನು. ನನಗ ಹೇಳ್ರಿ."

"ಸಿಟ್ಟಾಗಬ್ಯಾಡ್ರಿ. ಲೇಡೀಸ್ ಗಾಡ್ಯಾಗ ಇದು ಕಾಮನ್. ಒಳಗಿನ ಲೈಟ್ ಉಳದಿರ್ತತಿ, ಡೋರ್ ಸರಿಯಾಗಿ ಕುಂತಿರಂಗಿಲ್ಲ..."

"ನಮ್ಮಮ್ಮಗ ಇವತ್ತು ಮಷೀನು ಸಿಗಲಿಲ್ಲಂದ್ರ ಉಸಿರು ಕಟ್ತತಿ. ನಿಮ್ಮ ಕಾಮನ್ ಮಾತು ಆಕಿಗೆ ಬಂದು ಹೇಳ್ರಿ."

ಅವನ ನಗು ಸ್ವಲ್ಪ ಕಡಿಮೆಯಾಯಿತು. ಕಾರನ್ನು ಒಳಗೆ ತೆಗೆದುಕೊಳ್ಳಲು ಹೇಳಿದ. ನಾನೇ ಓಡಿಸಿಕೊಂಡು ಹೋದೆ. ಗೇಟಿನಲ್ಲಿ ಒಬ್ಬ ಕೈಯಡ್ಡ ಹಿಡಿದು, ಕಸ್ಟಮರ್ ಒಳಗೆ ಬರುವಂತಿಲ್ಲ ಎಂಬ ಬೋರ್ಡು ತೋರಿಸಿದ.

"ಹಂಗಾರ ಗಾಡೀನೂ ಬರಂಗಿಲ್ಲ," ಎಂದು ಎಂಜಿನ್ ಆರಿಸಿ, ಗೇಟಿನ ನಡುವೆಯೇ ಕೂತೆ. ಹಿಂದೆ ಎರಡು ಕಾರು ಹಾರ್ನ್ ಹೊಡೆಯತೊಡಗಿದವು. ನನ್ನ ಜೀವನದಲ್ಲಿ ನಾನು ಯಾರ ದಾರಿಗೂ ಅಡ್ಡ ನಿಂತವಳಲ್ಲ. ಆದರೂ ಏಳಲಿಲ್ಲ. ಕೊನೆಗೆ ಓಬಳೇಶನೇ ಬಂದು ಬಿಡಿ ಎಂದ.

ಒಳಗೆ ಎರ್ರಣ್ಣ ಎಂಬ ಎಲೆಕ್ಟ್ರಿಷಿಯನ್. ಐವತ್ತರ ಆಸುಪಾಸಿನ ಮನುಷ್ಯ. ನಾನು ಹಿಂದಿನ ಸೀಟಿಗೆ ಸರಿದು, ಅವನ ಕೈ ಏನು ಮಾಡುತ್ತದೆ ಎಂಬುದನ್ನಷ್ಟೇ ನೋಡುತ್ತ ಕೂತೆ. ಅವನು ಮೊದಲು ನಲ್ಲಿಯ ಹತ್ತಿರ ಹೋಗಿ ಸೋಪು ಹಚ್ಚಿ ಕೈ ತೊಳೆದುಕೊಂಡ. ಕೆಲಸ ಶುರುವಾಗುವ ಮೊದಲು ಮೆಕ್ಯಾನಿಕ್ ಕೈ ತೊಳೆಯುವುದನ್ನು ನಾನು ಕಂಡಿರಲಿಲ್ಲ. ಬಂದವನು ಹಸಿರು ದಾರದ ಪೆನ್ ಡ್ರೈವನ್ನು ಮೆಲ್ಲಗೆ ತೆಗೆದು, ಕಣ್ಣಿಗೊತ್ತಿಕೊಂಡು, ಗೋಡೆಯ ಮೇಲಿದ್ದ ಆಂಜನೇಯನ ಫೋಟೋದ ಪಕ್ಕ ಇಟ್ಟ.

"ಅದನ್ಯಾಕ ತೆಗೆದ್ರಿ?"

"ನಿಮ್ಮ ದ್ಯಾವ್ರ ಸಾಮಾನಲ್ರಿ ಅಮ್ಮಾ. ಎಣ್ಣಿ ಗ್ರೀಸು ಕೈ ನಮ್ದು. ಮೈಲಿಗಿ ಆಗಬಾರ್ದು ಅಂತ ಮ್ಯಾಲಿಟ್ಟು ಕೆಲಸ ಹಿಡಿತೀನಿ."

"ಹೋದ ಸಲಾನೂ ತೆಗೆದಿದ್ರೇನು?"

"ಹೌದ್ರಿ. ಬಂದ ಕೂಡ್ಲೆ ತೆಗಿಯೋದು, ಗಾಡಿ ಹೋಗೋ ಮುಂದ ಮತ್ತ ಹಚ್ಚೋದು. ಮರಿಯಂಗಿಲ್ರಿ."

"ಆ ನಾಕು ದಿನ ಅದು ಎಲ್ಲಿತ್ತು?"

"ಇಲ್ಲೇ, ಹನುಮಪ್ಪನ ಹತ್ರ. ದಿನಾ ಅದಕ್ಕೂ ಊದಿನಕಡ್ಡಿ ತೋರ್ಸೀನಿ ಬೇಕಾದ್ರ."

ನಮ್ಮ ಮನೆಯಲ್ಲಿ ಭಕ್ತಿಗಾಗಿ ಅದನ್ನು ಯಾರೂ ತೆಗೆಯುತ್ತಿರಲಿಲ್ಲ. ಇಲ್ಲಿ ಭಕ್ತಿಗಾಗಿ ಅದನ್ನು ಯಾರೂ ಕಾರಿನಲ್ಲಿ ಬಿಡುತ್ತಿರಲಿಲ್ಲ. ಕಾರು ನಮ್ಮಲ್ಲಿ ಸಾಯುವುದು, ಇಲ್ಲಿ ಬದುಕುವುದು, ಎರಡೂ ಒಮ್ಮೆಗೇ ಅರ್ಥವಾದವು.

"ಬ್ಯಾಟರಿಗೆ ಮೀಟರ್ ಹಚ್ರಿ," ಎಂದೆ. "ಗಾಡಿ ಲಾಕ್ ಮಾಡ್ರಿ. ಮೊದಲು ಅದಿಲ್ದ ನೋಡೂಣು, ಆಮೇಲೆ ಅದನ್ನ ಹಚ್ಚಿ ನೋಡೂಣು."

ಪೆನ್ ಡ್ರೈವ್ ಇಲ್ಲದೆ ಬೀಗ ಹಾಕಿದಾಗ, ಬ್ಯಾಟರಿಯಿಂದ ಹರಿಯುವ ಕರೆಂಟು ತೋರಿಸುವ ಮೀಟರಿನ ಅಂಕಿ ಸ್ವಲ್ಪ ಹೊತ್ತಿನಲ್ಲಿ ಕೆಳಗಿಳಿಯಿತು. ಕಾರು ಮಲಗಿತು ಅಂತ ಅದರರ್ಥ ಎಂದ ಎರ್ರಣ್ಣ. ಮತ್ತೆ ಪೆನ್ ಡ್ರೈವ್ ಹಚ್ಚಿ ಬೀಗ ಹಾಕಿದ. ಕಾದೆವು. ಅಂಕಿ ಇಳಿಯಲಿಲ್ಲ. ಇನ್ನೂ ಕಾದೆವು. ಎರ್ರಣ್ಣ ಮೀಟರನ್ನು ಒಮ್ಮೆ ತಟ್ಟಿ ನೋಡಿದ. ಸ್ಟೀರಿಯೊದ ಪರದೆ ಕಪ್ಪಾಗಿತ್ತು, ಸದ್ದಿರಲಿಲ್ಲ, ಒಳಗೆ ಮಾತ್ರ ಎಚ್ಚರವಾಗಿದ್ದು ಬ್ಯಾಟರಿಯನ್ನು ಹೀರುತ್ತಿತ್ತು.

ಅಷ್ಟರಲ್ಲಿ ಬಂದ ಓಬಳೇಶ ಬಗ್ಗಿ ನೋಡಿ ನಿಟ್ಟುಸಿರು ಬಿಟ್ಟ. "ಹಂಗಾರ ಆ ಪೆನ್ ಡ್ರೈವಿಂದೇ ಫಾಲ್ಟ್ ಮೇಡಂ. ಲೋಕಲ್ ಮಾಲು."

"ಎರ್ರಣ್ಣಾರ, ನಿಮ್ಮ ಹತ್ರ ಒಂದು ಐತೇನು?"

ಎರ್ರಣ್ಣ ನಾಚಿಕೊಂಡು ಜೇಬಿನಿಂದ ತನ್ನದನ್ನು ತೆಗೆದ. ಅದರಲ್ಲಿದ್ದದ್ದು ತೆಲುಗು ಸಿನಿಮಾ ಹಾಡು. ಹಚ್ಚಿ ಬೀಗ ಹಾಕಿದೆವು. ಅಂಕಿ ಆಗಲೂ ಇಳಿಯಲಿಲ್ಲ.

"ದ್ಯಾವ್ರ ಮಾತಿಗೂ ಅಷ್ಟೇ, ಡ್ಯಾನ್ಸಿಗೂ ಅಷ್ಟೇ ಬಿಡ್ರಿ ಸಾರ್," ಎಂದ ಎರ್ರಣ್ಣ. "ಸೆಟ್ಟಿಗೇ ನಿದ್ದಿ ಬರವಲ್ದು."

"ಸಿಂಪಲ್ ಆತಲ್ರಿ," ಎಂದ ಓಬಳೇಶ. "ಪೆನ್ ಡ್ರೈವ್ ಹಾಕಬ್ಯಾಡ್ರಿ. ಕಸ್ಟಮರ್ ಹೊರಗಿನ ವಸ್ತು ಹಾಕಿದ್ದಕ್ಕ ಹಿಂಗಾತು ಅಂತ ಬರದು ಕ್ಲೋಸ್ ಮಾಡ್ತೀನಿ."

ಸಿಟ್ಟು ಬಂದಾಗ ನನ್ನ ದನಿ ಏರುವುದಿಲ್ಲ, ಇಳಿಯುತ್ತದೆ. "ಹೊರಗಿನ ವಸ್ತು ಹಾಕಬಾರದು ಅಂದ್ರ ತೂತು ಯಾತಕ್ಕ ಇಟ್ಟೀರಿ? ಗಾಡಿ ಮಾರೋ ದಿನ ಇದೇ ತೂತಿಗೆ ಪೆನ್ ಡ್ರೈವ್ ಹಚ್ಚಿ, ನಮ್ಮಮ್ಮನ್ನ ಕುಂದರ್ಸಿ ಹಾಡು ಕೇಳ್ಸಿದ್ದು ಯಾರು?"

"ನಾವೇ ರೀ, ಆದ್ರ..."

"ಈ ಸೆಟ್ಟು ನಾ ತಂದು ಹಾಕಿಸಿದ್ದಲ್ಲ. ಕಂಪನಿ ಗಾಡಿ ಜೋಡಿ ಕೊಟ್ಟದ್ದು. ಸ್ಟೀರಿಯೊ ಮಲಗವಲ್ದು ಅಂತ ಬರೀರಿ. ಹೆಂಗಸು ಲೈಟ್ ಆರ್ಸಿದ್ಲು, ಬಾಗಲಾನೂ ಹಾಕಿದ್ಲು ಅಂತಾನೂ ಬರೀರಿ."

"ಅದೆಲ್ಲ ಬರಿಯಾಕ ಬರಂಗಿಲ್ರಿ."

"ಹಂಗಾರ ಗಾಡಿ ಗೇಟಿನಾಗ ನಿಲ್ಲಸ್ತೀನಿ."

ಸ್ಟೀರಿಯೊದ ದೋಷ ಎಂದು ಬರೆದ. ಕಂಪನಿಗೆ ಕಳಿಸುತ್ತೇವೆ, ಹೊಸ ಸಾಫ್ಟ್‌ವೇರ್ ಬಂದಾಗ ಹಾಕುತ್ತೇವೆ ಎಂದ. ಯಾವಾಗ ಎಂದು ಅವನಿಗೂ ಗೊತ್ತಿರಲಿಲ್ಲ. ಹೆಂಗಸಿನ ಮಾತು ಮಾತ್ರ ಬರೆಯಲಿಲ್ಲ. ಅಷ್ಟರಲ್ಲಿ ಮಂಚ ಸಿಕ್ಕಿತೆಂದು ಅಣ್ಣ ಫೋನು ಮಾಡಿದ. ಮಧ್ಯಾಹ್ನದ ಪಾಳಿಯ ಒಬ್ಬರು ಬಂದಿರಲಿಲ್ಲ. ಯಾಕೆ ಬಂದಿಲ್ಲ ಎಂದು ಯೋಚಿಸಲು ನನಗೆ ಧೈರ್ಯವಾಗಲಿಲ್ಲ.

ಸಂಜೆ ಊರಿಗೆ ಮರಳುವಾಗ ಅಮ್ಮನಿಗೆ ಎಲ್ಲ ಹೇಳಿದೆ. ಪೆನ್ ಡ್ರೈವನ್ನು ಕೈಯಲ್ಲಿ ಹಿಡಿದು ಅವಳು ಖಾಲಿ ತೂತನ್ನೇ ನೋಡುತ್ತಿದ್ದಳು.

"ದಸ್ತಗೀರನ ಓದು ಗಾಡಿ ಕೆಡಸ್ತತಿ ಅಂತೀಯೇನು?"

"ಮಾಮುಂದಲ್ಲಮ್ಮ. ಯಾರ ದನಿ ಹಾಕಿದ್ರೂ ಅದು ಎಚ್ಚರ ಇರ್ತತಿ. ಇನ್ಮ್ಯಾಲೆ ಮನಿ ಮುಟ್ಟಿದ ಕೂಡ್ಲೆ ತಗದು ಒಳಗ ಒಯ್ಯೂಣು."

ಅವಳು ಪೆನ್ ಡ್ರೈವನ್ನು ಚೀಲಕ್ಕೆ ಹಾಕಿದಳು. "ನೀ ಅವರನ್ನ ಬೈದಿ?"

"ಬೈದೆ."

"ಸಾಲಂಗಿಲ್ಲ," ಎಂದಳು.

ಮುಂದಿನ ಸೋಮವಾರ ಕಾರು ಒಂದೇ ಸಲಕ್ಕೆ ಎದ್ದಿತು. ಅಮ್ಮ ಚೀಲದಿಂದ ಪೆನ್ ಡ್ರೈವ್ ತೆಗೆದು ತಾನೇ ಹಚ್ಚಿದಳು. ಆಸ್ಪತ್ರೆಯ ಅಂಗಳದಲ್ಲಿ ತಾನೇ ಕಿತ್ತು ಚೀಲಕ್ಕೆ ಹಾಕಿಕೊಂಡಳು. ಅವಳ ಮಂಚ ಅವಳಿಗಾಗಿ ಖಾಲಿಯಿತ್ತು. ಅಣ್ಣನಿಗೆ ವಿಷಯ ತಿಳಿಸಿದ್ದೆ. "ಹಂಗಾರ ಪೆನ್ ಡ್ರೈವ್ ತಗಿಯೋದು ಮರತಿದ್ದಿ ಅನ್ನು," ಎಂದಿದ್ದ.

ಅಮ್ಮನ ಕೈಗೆ ನಳಿಕೆ ಜೋಡಿಸಿ ಸಿಸ್ಟರ್ ಹೋದ ಮೇಲೆ ನನಗೊಂದು ಫೋನು ಬಂತು. ಯಾವುದೋ ಊರಿನ ಹುಡುಗಿ. ಕಾರಿನ ಕಂಪನಿಯಿಂದ ಎಂದಳು.

"ಮೇಡಂ, ನಮ್ಮ ಸರ್ವಿಸ್‌ಗೆ ಒಂದರಿಂದ ಹತ್ತರೊಳಗೆ ಎಷ್ಟು ಅಂಕ ಕೊಡ್ತೀರಿ?"

ಓಬಳೇಶ ಆಗಲೇ ಎರಡು ಮೆಸೇಜ್ ಕಳಿಸಿದ್ದ. ಹತ್ತೇ ಕೊಡಿ, ಇಲ್ಲದಿದ್ದರೆ ನಮಗೆ ತೊಂದರೆ ಎಂದು ಕೈಮುಗಿದ ಚಿತ್ರದೊಂದಿಗೆ.

"ಅಂಕ ಆಮೇಲೆ ಹೇಳ್ತೀನಿ. ಮೊದಲು ಏನಾಯಿತು ಅಂತ ಹೇಳ್ತೀನಿ, ಬರಕೊಳ್ಳಮ್ಮ."

"ನಮ್ಮ ಹತ್ರ ಅಂಕ ಬರೆಯೋಕೆ ಮಾತ್ರ ಜಾಗ ಇದೆ ಮೇಡಂ."

"ಹಾಗಾದರೆ ಕೇಳಿಸಿಕೋ. ತಪ್ಪು ನಿನ್ನದಲ್ಲ. ಆದರೆ ನಿಮ್ಮಲ್ಲಿ ಒಬ್ಬರಾದರೂ ಪೂರ್ತಿ ಕೇಳಬೇಕು."

ಕುರ್ಚಿ ಎಳೆದುಕೊಂಡು ಮಂಚದ ಹತ್ತಿರ ಕೂತೆ. ಸುತ್ತ ರೋಗಿಗಳು ಮಲಗಿದ್ದರು. ದನಿ ತಗ್ಗಿಸಿ, ಮೊದಲ ಸೋಮವಾರದಿಂದ ಶುರುಮಾಡಿದೆ. ಒಂದು ಮಾತೂ ಹೆಚ್ಚು ಹೇಳಬಾರದು, ಒಂದನ್ನೂ ಬಿಡಬಾರದು ಎಂದು ಎಚ್ಚರದಿಂದ ಹೇಳುತ್ತಿದ್ದೆ. ಅಮ್ಮ ಕಣ್ಣು ತೆರೆದು ನನ್ನತ್ತ ತಿರುಗಿದಳು. ನಳಿಕೆಯಿಲ್ಲದ ಕೈಯನ್ನು ಎತ್ತಿ, ಇನ್ನೂ ಜೋರಾಗಿ ಹೇಳು ಎಂದು ಸನ್ನೆ ಮಾಡಿದಳು.