ಟ್ರಯಲ್ ರೂಮಿನ ಸ್ಪ್ಯಾನಿಷ್

ಮನೆಯವರೆಲ್ಲ ಅವಳನ್ನು ಗಿಣಿ ಅಂತಲೇ ಕರೆಯುವುದು. ಬಾಯಿ ತೆರೆದರೆ ಅರಳು ಹುರಿದ ಹಾಗೆ ಮಾತು. ಅಂಥ ಗಿಣಿಗೆ ಆನ್‌ಲೈನ್ ಸ್ಪ್ಯಾನಿಷ್ ಕ್ಲಾಸಿನಲ್ಲಿ ಟೀಚರ್ ಹೆಸರು ಹಿಡಿದು ಕರೆದರೆ ಸಾಕು, ನಾಲಿಗೆ ಅಂಗುಳಕ್ಕೆ ಅಂಟಿಕೊಳ್ಳುತ್ತಿತ್ತು. ಆ ಹೆಂಗಸು ಒಂದು ದಿನವೂ ಗದರಿದವಳಲ್ಲ. ಆದರೂ ಅವಳ ಮುಖ ಪರದೆಯಲ್ಲಿ ದೊಡ್ಡದಾದ ಕೂಡಲೇ ಗಿಣಿಗೆ ಕಲಿತದ್ದೆಲ್ಲ ಮರೆತುಹೋಗುತ್ತಿತ್ತು.

ಕೋರಸ್ ಬಂತೆಂದರೆ ಮಾತ್ರ ಅವಳೇ ರಾಣಿ. ಟೀಚರ್ ಒಂದು ವಾಕ್ಯ ಹೇಳುವುದು, ಇಪ್ಪತ್ತೆರಡು ವಿದ್ಯಾರ್ಥಿಗಳೂ ಮ್ಯೂಟ್ ಮಾಡಿಕೊಂಡು ಅದನ್ನು ಗಟ್ಟಿಯಾಗಿ ಹೇಳುವುದು. ಹಾಗೆ ಮಾಡದಿದ್ದರೆ ದನಿಗಳು ಹಿಂದುಮುಂದಾಗಿ ಬಂದು ಕ್ಲಾಸು ಸಂತೆಯಾಗುತ್ತಿತ್ತು. ಯಾರಿಗೂ ಕೇಳಿಸದೆಂಬ ಧೈರ್ಯದಲ್ಲಿ ಗಿಣಿ ಗಂಟಲು ಹರಿಯುವಷ್ಟು ಕೂಗುತ್ತಿದ್ದಳು. ಅವಳು ಕೂರುತ್ತಿದ್ದದ್ದು ಚಿಕ್ಕಮ್ಮನ ಟೈಲರಿಂಗ್ ಅಂಗಡಿಯ ಟ್ರಯಲ್ ರೂಮಿನಲ್ಲಿ, ಸ್ಟೂಲಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು. ನೆಟ್ ಸರಿಯಾಗಿ ಸಿಗುತ್ತಿದ್ದದ್ದು ಅಲ್ಲೇ. ಹೊಸ ಉಡುಪು ಹಾಕಿ ನೋಡಬೇಕಾದವರು ಕ್ಲಾಸು ಮುಗಿಯುವ ತನಕ ಕಾಯಬೇಕು. ನಾಲ್ಕು ತಿಂಗಳಲ್ಲಿ ಅವರೂ ಒಗ್ಗಿಹೋಗಿದ್ದರು.

ಇವತ್ತು ಮೌಖಿಕ ಪರೀಕ್ಷೆ. ಟೀಚರ್ ಎದುರು ಒಬ್ಬಳೇ ಐದು ನಿಮಿಷ ಮಾತಾಡಬೇಕು. ಮುಂದಿನ ಹಂತಕ್ಕೆ ಆರೇ ಸೀಟು, ಆ ಆರು ಜನಕ್ಕೆ ಟೀಚರ್ ಇರುವ ದೂರದ ದೇಶದ ಯೂನಿವರ್ಸಿಟಿಯಲ್ಲಿ ಒಂದು ಸೆಮಿಸ್ಟರ್ ಓದುವ ಅವಕಾಶ. ಐದು ಸೀಟು ತುಂಬಿಹೋಗಿದ್ದವು. ಉಳಿದ ಒಂದು ತನ್ನದೇ ಆಗಬೇಕೆಂಬ ಚಿಂತೆಯಲ್ಲಿ ಗಿಣಿ ವಾರದಿಂದ ಸರಿಯಾಗಿ ಊಟ ಮಾಡಿರಲಿಲ್ಲ.

"ಆ ಯಮ್ಮನ ಮುಖ ನೋಡಿದ್ರೆ ತಾನೆ ನಿಂಗೆ ಭಯ? ನೋಡ್ಲೇಬೇಡ," ಎಂದಳು ಚಿಕ್ಕಮ್ಮ. ಹಳದಿ ಲೈನಿಂಗ್ ಬಟ್ಟೆಯ ತುಂಡೊಂದನ್ನು ಲ್ಯಾಪ್‌ಟಾಪಿನ ಪರದೆಯ ಮೇಲೆ ಇಳಿಬಿಟ್ಟಳು. ಕ್ಯಾಮೆರಾದ ಚುಕ್ಕಿ ಮಾತ್ರ ಹೊರಗೆ. "ಪ್ರಶ್ನೆ ಕೇಳಿಸ್ಕೊಂಡ್ಮೇಲೆ ಇಯರ್‌ಫೋನೂ ತೆಗೆದಿಡು. ನಂಗೇ ಹೇಳ್ತಿದೀನಿ ಅಂದ್ಕೊ."

ಪ್ರಶ್ನೆ ಬಂತು: ನೀನು ಕೂತಿರುವ ಕೋಣೆಯ ಬಗ್ಗೆ ಹೇಳು. ಗಿಣಿ ಇಯರ್‌ಫೋನ್ ಕಿತ್ತಿಟ್ಟು ಶುರುಮಾಡಿದಳು. ಕನ್ನಡಿ, ಕೊಕ್ಕೆ, ನೆಲದಲ್ಲಿ ಬಿದ್ದ ಗುಂಡುಪಿನ್ನು, ಎಲ್ಲವೂ ಸ್ಪ್ಯಾನಿಷ್‌ನಲ್ಲಿ ನೀರು ಹರಿದ ಹಾಗೆ ಬಂದವು. ಇಷ್ಟು ಚೆನ್ನಾಗಿ ಅವಳು ಎಂದೂ ಮಾತಾಡಿರಲಿಲ್ಲ. ಹೊರಗೆ ಚಿಕ್ಕಮ್ಮನ ಮಿಷನ್ ಸದ್ದೂ ನಿಂತುಹೋಗಿತ್ತು.

ಸಾಕೆನ್ನಿಸಿದಾಗ ಗೆದ್ದೆನೆಂಬ ಸಂಭ್ರಮದಲ್ಲಿ ಬಟ್ಟೆ ಎತ್ತಿದಳು. ಟೀಚರ್ ಎರಡೂ ಕೈ ಬೀಸುತ್ತಿದ್ದಳು. ಚಾಟ್ ತುಂಬ ಒಂದೇ ಮಾತು, ಹನ್ನೊಂದು ಸಲ: ಮ್ಯೂಟ್.

ಬೆರಳಿಗೆ ನಾಲ್ಕು ತಿಂಗಳ ಅಭ್ಯಾಸ. ಬಾಯಿ ತೆರೆಯುವ ಮುಂಚೆ ತಾನಾಗಿಯೇ ಮ್ಯೂಟ್ ಒತ್ತಿಬಿಟ್ಟಿತ್ತು. ಭೂಮಿ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು ಗಿಣಿಗೆ. ಮ್ಯೂಟ್ ತೆಗೆದು ಇಯರ್‌ಫೋನ್ ಸಿಕ್ಕಿಸಿಕೊಂಡಳು.

"ಇನ್ನೂ ಒಂದೂವರೆ ನಿಮಿಷ ಇದೆ. ಏನಾಯಿತು?" ಎಂದು ಟೀಚರ್ ಸ್ಪ್ಯಾನಿಷ್‌ನಲ್ಲಿ ಕೇಳಿದಳು.

ಬಾಯಿಪಾಠ ಮಾಡಿದ್ದರಲ್ಲಿ ಇದಕ್ಕೆ ಉತ್ತರವಿರಲಿಲ್ಲ. ಎದುರಿಗೆ ಅದೇ ಮುಖ. ಆದರೆ ಆದದ್ದನ್ನು ಹೇಳದಿದ್ದರೆ ಹೊಟ್ಟೆ ಒಡೆದುಹೋಗುವ ಹಾಗಿತ್ತು, ಹೇಳಿಬಿಟ್ಟಳು. "ನಿಮ್ಮ ಮುಖ ಭಯ. ಚಿಕ್ಕಮ್ಮ ಬಟ್ಟೆ ಹಾಕಿದಳು. ಕೋರಸ್‌ನಲ್ಲಿ ನಾನು ತುಂಬ ಜೋರು. ಇವತ್ತೂ ಕೋರಸ್ ಮಾಡಿದೆ, ಒಬ್ಬಳೇ." ವಾಕ್ಯಗಳೆಲ್ಲ ಸೊಟ್ಟಪಟ್ಟ. ಟೀಚರ್ ಮೇಜು ತಟ್ಟಿ ನಕ್ಕಳು. ಬಟ್ಟೆ ತೋರಿಸು ಅಂದಳು, ಗಿಣಿ ತೋರಿಸಿದಳು. ಅದರಲ್ಲಿ ಏನು ಹೊಲಿಯುತ್ತಾರೆ ಅಂದಳು, ಕೋಟಿನ ಒಳಗಡೆ ಹಾಕುತ್ತಾರೆ, ಯಾರಿಗೂ ಕಾಣದ ಹಾಗೆ, ಅಂದಳು ಗಿಣಿ. ಕೇಳುವುದು, ಹೇಳುವುದು, ಮತ್ತೆ ಕೇಳುವುದು. ಹತ್ತು ನಿಮಿಷ ದಾಟಿದ್ದು ಇಬ್ಬರಿಗೂ ಗೊತ್ತಾಗಲಿಲ್ಲ. ಗಿಣಿಗೆ ಖುಷಿಯಲ್ಲಿ ಮೈಯೆಲ್ಲ ಜುಮ್ಮೆಂದಿತು.

"ಮೊದಲು ಹೇಳಿದ್ದು ಹೇಗಿತ್ತು? ಯಾರಾದರೂ ಕೇಳಿದರಾ?" ಎಂದಳು ಟೀಚರ್ ಕೊನೆಗೆ.

ಗಿಣಿ ಇಯರ್‌ಫೋನ್ ಕಿತ್ತು ಕರ್ಟನ್ ಸರಿಸಿ, ಹೇಗಿತ್ತು ಅಂತ ಚಿಕ್ಕಮ್ಮನನ್ನು ಕೇಳಿದಳು. ಚಿಕ್ಕಮ್ಮ ತುಟಿಯ ನಡುವಿನ ಪಿನ್ನುಗಳನ್ನು ಅಂಗೈಗೆ ಉಗುಳಿ, ಕ್ಯಾಮೆರಾಕ್ಕೆ ಮುಖ ಕೊಟ್ಟು, "ಮುಯ್ ಬಿಯೆನ್," ಎಂದಳು. ತುಂಬ ಚೆನ್ನಾಗಿತ್ತು ಎಂದರ್ಥ. ನಾಲ್ಕು ತಿಂಗಳ ಕೋರಸ್ ಅವಳ ಕಿವಿಗೂ ಬಿದ್ದಿತ್ತು.

ಟೀಚರ್ ಪಟ್ಟಿಯಲ್ಲಿ ಆರನೆಯ ಹೆಸರು ಬರೆದು ಕ್ಯಾಮೆರಾಕ್ಕೆ ಹಿಡಿದಳು. ಗಿಣಿ ಕಿರುಚಿದ್ದು ಈ ಸಲ ಅಲ್ಲಿಯವರೆಗೂ ಕೇಳಿಸಿತು.