ದೊಡ್ಡ ತೂತಿಗೆ ಹುಟ್ಟಿದ ಬಿಲ್ಲೆ

ನಾನೊಂದು ಬಿಲ್ಲೆ. ಹಳದಿ ಪ್ಲಾಸ್ಟಿಕ್ಕಿನದು, ಒಂದೂವರೆ ಇಂಚಿನ ಅಗಲ, ನಡುವೆ ಒಂದು ಸಣ್ಣ ತೂತು. ಬಾಗಿದ ಮೂರು ತೋಳುಗಳಿರುವುದರಿಂದ ನನ್ನನ್ನು ಚಕ್ಕುಲಿ ಎಂದುಕೊಂಡವರೂ ಇದ್ದಾರೆ. ಒಮ್ಮೆ ಒಂದು ಕೂಸು ಕಚ್ಚಿಯೇ ನೋಡಿತು. ಆ ಎರಡು ಹಲ್ಲಿನ ಗುರುತು ಈಗಲೂ ನನ್ನ ಅಂಚಿನಲ್ಲಿದೆ.

ಮುಂಬಯಿಯ ಒಂದು ಅಚ್ಚಿನ ಕಾರ್ಖಾನೆಯಲ್ಲಿ, ಒಂದೇ ಗಳಿಗೆಯಲ್ಲಿ ನಾವು ನಲವತ್ತು ಜನ ಹುಟ್ಟಿದೆವು. ಆದರೆ ನನ್ನ ಹುಟ್ಟಿಗೆ ನಿಜವಾದ ಕಾರಣ ಒಂದು ಜಗಳ. ಹಿಂದಿನ ಕಾಲದಲ್ಲಿ ರೆಕಾರ್ಡುಗಳು ಅರಗಿನವು. ನಿಮಿಷಕ್ಕೆ ಎಪ್ಪತ್ತೆಂಟು ಸುತ್ತು ತಿರುಗುತ್ತಿದ್ದವು, ಕೈಜಾರಿದರೆ ಹಪ್ಪಳದಂತೆ ಪುಡಿಯಾಗುತ್ತಿದ್ದವು. ಮೂರು ನಿಮಿಷಕ್ಕೆ ಹಾಡು ಮುಗಿದುಬಿಡುತ್ತಿತ್ತು. ಕಡಲಾಚೆಯ ಒಂದು ಕಂಪನಿ ಗೆರೆಗಳನ್ನು ಕೂದಲಿನಷ್ಟು ಸಣ್ಣಗೆ ಕೊರೆಯಿತು, ಸುತ್ತನ್ನು ಮೂವತ್ತಮೂರಕ್ಕೆ ಇಳಿಸಿತು. ದೊಡ್ಡ ತಟ್ಟೆಯ ಒಂದೊಂದು ಮಗ್ಗುಲಲ್ಲಿ ಇಪ್ಪತ್ತು ನಿಮಿಷದ ಸಂಗೀತ ಹಿಡಿಯಿತು. ಎದುರಾಳಿ ಕಂಪನಿ ಸುಮ್ಮನಿದ್ದೀತೇ? ಅದು ಒಂದು ಮಗ್ಗುಲಿಗೆ ಒಂದೇ ಹಾಡಿನ ಗೇಣಗಲದ ತಟ್ಟೆ ಮಾಡಿ ನಲವತ್ತೈದು ಸುತ್ತು ಎಂದಿತು. ರೆಕಾರ್ಡುಗಳನ್ನು ಪೇರಿಸಿಟ್ಟರೆ ಒಂದಾದ ಮೇಲೊಂದು ತಾನಾಗಿ ಕೆಳಗಿಳಿಯುವ ಯಂತ್ರವನ್ನೂ ಕಟ್ಟಿತು. ಇಳಿಸುವ ಕೀಲುಗಳೆಲ್ಲ ನಡುವಿನ ಗೂಟದೊಳಗೇ ಇದ್ದವು. ಆದ್ದರಿಂದ ಗೂಟ ದಪ್ಪವಾಯಿತು, ಗೂಟಕ್ಕೆ ತಕ್ಕಂತೆ ತೂತು ದೊಡ್ಡದಾಯಿತು. ಕಾಸು ಹಾಕಿದರೆ ಹಾಡುವ ಹೋಟೆಲ್ ಪೆಟ್ಟಿಗೆಗಳೂ ಆ ದೊಡ್ಡ ತೂತಿಗೇ ಒಗ್ಗಿಕೊಂಡವು.

ಇವನ ರೆಕಾರ್ಡು ಅವನ ಯಂತ್ರದಲ್ಲಿ ಕೂರಲಿಲ್ಲ, ಅವನದು ಇವನಲ್ಲಿ ಕೂರಲಿಲ್ಲ. ಇಬ್ಬರ ಜಗಳದಲ್ಲಿ ಮೂರನೆಯವನಿಗೆ ಲಾಭ ಎನ್ನುತ್ತಾರಲ್ಲ, ಆ ಮೂರನೆಯದು ನಾನು. ದೊಡ್ಡ ತೂತನ್ನು ಸಾಧಾರಣ ಪ್ಲೇಯರಿನ ನಡುವಿನ ಸಣ್ಣ ಮೊಳೆಗೆ ಹೊಂದಿಸುವುದಷ್ಟೇ ನನ್ನ ಕೆಲಸ. ನಾನು ಹಾಡುವುದಿಲ್ಲ. ನಡುವೆ ಸರಿಯಾಗಿ ಕುಳಿತು ಸುತ್ತುತ್ತೇನೆ.

ಒಂದು ಪ್ಲೇಯರಿನ ಜೊತೆ ನಾನು ಬಂದಿಳಿದದ್ದು ಗದಗಿನ ದಸ್ತಗೀರಸಾಬರ ಅಂಗಡಿಗೆ. ಮದುವೆಗೆ, ಮುಂಜಿಗೆ, ಉರುಸಿಗೆ ಮೈಕ್ ಸೆಟ್ ಕೊಡುವ ಅಂಗಡಿ. ಸಾಬರಿಗೆ ಒಂದು ರೂಢಿಯಿತ್ತು. ಚಪ್ಪಲಿ ಬಿಟ್ಟು, ಕೈ ತೊಳೆದು, ಮೆತ್ತನೆಯ ಮಲ್ಲು ಬಟ್ಟೆಯಿಂದ ಒರೆಸಿದ ಮೇಲೆಯೇ ಅವರು ರೆಕಾರ್ಡನ್ನು ಪ್ಲೇಯರಿಗಿಡುತ್ತಿದ್ದರು. ಮೊದಲ ಸಲ ನನ್ನ ಸುತ್ತ ಒಂದು ತಟ್ಟೆ ತಿರುಗಿ, ಬೇವಿನ ಮರದ ಮೇಲಿನ ಕಹಳೆಯಿಂದ ಹೆಣ್ಣು ದನಿ ಊರಿಗೆಲ್ಲ ಹರಡಿದಾಗ ನಾನು ದಂಗಾಗಿಹೋದೆ. ಕರಿಯ ತಟ್ಟೆಯಲ್ಲಿರುವುದು ಗೆರೆ. ಸೂಜಿ ಮಾಡುವುದು ಗೆರೆಯನ್ನು ಕೆರೆಯುವ ಕೆಲಸ. ಅಷ್ಟರಲ್ಲಿ ಮನುಷ್ಯರ ಉಸಿರು ಹೇಗೆ ಬರುತ್ತದೆ? ಈ ಬೆರಗು ನನ್ನಿಂದ ಇಂದಿಗೂ ಹೋಗಿಲ್ಲ.

ನಮ್ಮ ಕಡೆ ಬರುತ್ತಿದ್ದ ಸಣ್ಣ ರೆಕಾರ್ಡುಗಳಲ್ಲಿ ಹೆಚ್ಚಿನವಕ್ಕೆ ತೂತೂ ಸಣ್ಣದೇ. ಹಾಗಾಗಿ ನನಗೆ ಕೆಲಸ ಅಪರೂಪ. ಮುಂದೆ ಕ್ಯಾಸೆಟ್ ಬಂದಾಗ ಆ ಅಪರೂಪವೂ ನಿಂತಿತು. ಸಾಬರ ಮೇಜಿನ ಒಂದು ಕಾಲು ಗಿಡ್ಡ. ಒಂದು ದಿನ ಅವರು ನನ್ನನ್ನು ಅದರಡಿ ತುರುಕಿದರು. ಹದಿನೆಂಟು ವರ್ಷ ನಾನು ಮೇಜು ಹೊತ್ತೆ. ಅಲ್ಲಿಂದ ಕಾಣುತ್ತಿದ್ದದ್ದು ಕಾಲುಗಳು ಮಾತ್ರ. ಬೇಸರವಾಗುತ್ತಿತ್ತು, ಸುಳ್ಳೇಕೆ ಹೇಳಲಿ?

ಒಂದು ಬೆಳಿಗ್ಗೆ ಹೊಸ ಕಾಲುಗಳು ಬಂದವು. ಬಲಗಾಲಿನ ಹೆಬ್ಬೆರಳ ತುದಿ ಸವೆದಿತ್ತು, ಹೊಲಿಗೆ ಮಶೀನು ತುಳಿದ ಕಾಲು. ಬ್ಯಾಡಗಿಯಲ್ಲಿ ಹೆಣ್ಣುಮಕ್ಕಳಿಗೆ ಹೊಲಿಗೆ ಕಲಿಸುವ ಕಸ್ತೂರಿ ಅದು. ವಯಸ್ಸು ನಲವತ್ತರ ಮೇಲೆ. ಕೈಯಲ್ಲಿ ರೇಷ್ಮೆ ಬಟ್ಟೆಯ ಗಂಟು. ಇದೆಲ್ಲ ನನಗೆ ಆಮೇಲೆ ತಿಳಿದದ್ದು.

"ಸಾಬರ, ಇದು ನಮ್ಮವ್ವನ ಪ್ಲೇಟು," ಎಂದಳು. "ನಮ್ಮನಿ ಪ್ಲೇಯರ್ ಸುಟ್ಟು ಹೋತು. ಇದನ್ನ ಕ್ಯಾಸೆಟ್ಟಿಗೆ ತುಂಬಿಸಿ ಕೊಡ್ರಿ. ಇದೊಂದ ಐತಿ ಆಕಿದು. ಫೋಟೋನೂ ಇಲ್ಲ."

ತಾಯಿಯ ಹೆಸರು ಯಮುನವ್ವ ಹಲಗೇರಿ, ನಾಟಕ ಕಂಪನಿಯಲ್ಲಿ ರಾಜನ ಪಾರ್ಟು ಮಾಡುತ್ತಿದ್ದವಳು. ಕಸ್ತೂರಿ ಎಂಟು ತಿಂಗಳ ಕೂಸಾಗಿದ್ದಾಗ, ತನ್ನ ಇಪ್ಪತ್ತೆರಡಕ್ಕೇ ತೀರಿಕೊಂಡಳು. ಪರದೆ ಬರೆಯುತ್ತಿದ್ದ ತಂದೆ ಕೂಸನ್ನು ತನ್ನಕ್ಕನ ಮಡಿಲಿಗೆ ಹಾಕಿ ಕಂಪನಿಯ ಹಿಂದೆ ಹೋದವನು ತಿರುಗಿ ಬರಲಿಲ್ಲ. ಆ ಸೋದರತ್ತೆಗೆ ನಾಟಕದವರೆಂದರೆ ಆಗದು. ತಮ್ಮನ ಹೆಂಡತಿಯ ಮುಖವನ್ನೇ ಆಕೆ ನೋಡಿರಲಿಲ್ಲ.

ಅತ್ತೆಯ ಮನೆಯ ಪ್ಲೇಯರಿನಲ್ಲಿ ಸುತ್ತು ಬದಲಿಸುವ ಕೀಲು ತುಕ್ಕು ಹಿಡಿದು ಮೂವತ್ತಮೂರಕ್ಕೇ ನಿಂತಿತ್ತು. ರೆಕಾರ್ಡಿನ ದೊಡ್ಡ ತೂತಿಗೆ ಹಳೆಯ ಸೀರೆಯಂಚು ಸುತ್ತಿ ತುರುಕಿ ಹಾಡಿಸುತ್ತಿದ್ದರು. ಬರುತ್ತಿದ್ದ ದನಿ ಭಾರ, ನಿಧಾನ, ಥೇಟ್ ಗಂಡಸಿನದು. ಯಾರಿಗೂ ಅನುಮಾನ ಬರಲಿಲ್ಲ, ರಾಜನ ಪಾರ್ಟಿನವಳಲ್ಲವೇ? ಕಸ್ತೂರಿ ಚಿಕ್ಕಂದಿನಲ್ಲಿ ಹಾಡುತ್ತಿದ್ದಳು. ಆದರೆ ಅವಳ ಕಂಠ ಎಳೆ ದಾರದಂತೆ ತೆಳು, ಮೇಲು. "ನಿಮ್ಮವ್ವನ ಗಂಟಲೆಲ್ಲಿ, ನಿನ್ನ ಗಂಟಲೆಲ್ಲಿ? ಬಾಗಲಾ ಕಿರಗುಟ್ಟಿದಂಗ ಆಗತೈತಿ," ಎಂದು ಅತ್ತೆ ಅಂದದ್ದಕ್ಕೆ ಹದಿನಾಲ್ಕನೆಯ ವಯಸ್ಸಿಗೆ ಬಾಯಿ ಮುಚ್ಚಿದಳು. ಮಕ್ಕಳಿಗೆ ಜೋಗುಳ ಹಾಡಲಿಲ್ಲ.

ಸಾಬರು ಗಂಟು ಬಿಚ್ಚಿದರು. ರೆಕಾರ್ಡಿನ ನಡುವಿನ ಕಾಗದದ ಮೇಲೆ ಅರಿಸಿನ, ಕುಂಕುಮ ಗಟ್ಟಿಯಾಗಿ ಕುಳಿತಿದ್ದವು. ಪ್ರತಿವರ್ಷ ಅವ್ವನ ದಿನ, ಆಕೆ ತೀರಿಕೊಂಡ ದಿನ, ಕಸ್ತೂರಿ ಅದಕ್ಕೆ ಪೂಜೆ ಮಾಡಿದ್ದಳು. ಅಲ್ಲಿ ಅಚ್ಚಾಗಿದ್ದ ಹೆಸರು, ಸುತ್ತಿನ ಲೆಕ್ಕ ಎಲ್ಲ ಅಳಿಸಿಹೋಗಿತ್ತು. ಭಕ್ತಿ ಹೆಚ್ಚಾಗಿ ಬರಹ ಹೋಗಿತ್ತು.

"ಅಬಬಾ, ದೊಡ್ಡ ತೂತಿಂದು," ಎಂದ ಸಾಬರು ಸ್ವಲ್ಪ ಹೊತ್ತು ಯೋಚಿಸಿದರು. ಆಮೇಲೆ ಬಗ್ಗಿದರು. ಮೇಜು ಎತ್ತಿದರು. ಹದಿನೆಂಟು ವರ್ಷದ ಮೇಲೆ ನನಗೆ ಬೆಳಕು ಕಂಡಿತು.

ನನ್ನನ್ನು ಒರೆಸಿ ತೂತಿನಲ್ಲಿ ಕೂರಿಸಿದರು. ಸುತ್ತನ್ನು ನಲವತ್ತೈದಕ್ಕೆ ತಿರುಗಿಸಿ ಸೂಜಿ ಇಳಿಸಿದರು. ಹಾಡು ಹೊರಟಿತು. ಎಳೆಯ ಹೆಣ್ಣಿನ ದನಿ, ತೆಳು, ಮೇಲು.

ಕಸ್ತೂರಿ ಎದ್ದು ನಿಂತಳು. "ನಿಲ್ಲಸ್ರಿ. ಇದು ನಮ್ಮವ್ವ ಅಲ್ಲ."

"ಅಕ್ಕಾರ, ಇಷ್ಟು ದೊಡ್ಡ ತೂತಂದ್ರ ನಲವತ್ತೈದರಾಗ ತಿರಗಬೇಕ್ರಿ. ಕಂಪನಿಯವರು ಹಂಗ ಮಾಡ್ಯಾರ."

"ಎಲ್ಲಿ ಬರದೈತಿ ತೋರಸ್ರಿ. ನಾ ಬುದ್ಧಿ ತಿಳಿದಾಗಿಂದ ಕೇಳೇನಿ. ನೀವು ಒಂದು ಗುಂಡಿ ತಿರುವಿ ನಮ್ಮವ್ವನ್ನ ಬದ್ಲಿ ಮಾಡ್ತೀರೇನು?"

ಪಾಪ, ಅವಳ ಪಾಲಿಗೆ ಇದ್ದದ್ದೇ ಆ ದನಿ. ಅದೂ ಸುಳ್ಳಾದರೆ ಅವ್ವನೆಂಬುದು ಏನೂ ಉಳಿಯುವುದಿಲ್ಲ. ಪಕ್ಕದಲ್ಲೇ ಹಾರ್ಮೋನಿಯಂ ರಿಪೇರಿ ಮಾಡುವ ಮುದುಕಪ್ಪ ಮಾಸ್ತರರು ಹಿಂದೆ ನಾಟಕ ಕಂಪನಿಗಳಲ್ಲಿ ಪೇಟಿ ಬಾರಿಸಿದವರು. ಸಾಬರು ಅವರನ್ನು ಕರೆತಂದರು. ಎಂಬತ್ತು ದಾಟಿದ ಮಾಸ್ತರರು ಪೇಟಿಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತರು.

"ಯಮುನವ್ವ? ಎರಡು ವರ್ಷ ಆಕಿಗೆ ಸಾಥ್ ಮಾಡೇನಿ, ತಂಗಿ. ಆಕಿದು ಕರಿ ನಾಕು. ರಾಜನ ವೇಷ ಹಾಕಿದ್ರೂ ಕರಿ ನಾಕು, ಜ್ವರ ಬಂದ್ರೂ ಕರಿ ನಾಕು. ಒಂದ ದಿನ ಕೆಳಗ ಇಳೀಲಿಲ್ಲ."

ಕರಿ ನಾಲ್ಕು ಎಂದರೆ ಪೇಟಿಯ ನಾಲ್ಕನೆಯ ಕಪ್ಪು ಮನೆ, ಅವಳು ಷಡ್ಜ ಹಿಡಿಯುತ್ತಿದ್ದ ಜಾಗ. ಸಾಬರು ಮೊದಲು ಮೂವತ್ತಮೂರಕ್ಕೆ ಇಟ್ಟರು. ಕಸ್ತೂರಿ ಬಾಳಿನುದ್ದಕ್ಕೂ ಕೇಳಿದ ಭಾರದ ದನಿ ಬಂತು. ಮಾಸ್ತರರು ಬಿಳಿ ಮನೆ ಒತ್ತಿದರು, ಕರಿ ಮನೆ ಒತ್ತಿದರು. ಯಾವುದೂ ಕೂಡಲಿಲ್ಲ.

"ಎರಡು ಮನಿ ಸಂದ್ಯಾಗ ನಿಂತೈತಿದು," ಎಂದರು. "ಯಾವ ಪೇಟಿ ಮುಂದೂ ಯಾರೂ ಹಿಂಗ ಹಾಡಂಗಿಲ್ಲ."

ಸಾಬರು ನಲವತ್ತೈದಕ್ಕೆ ತಿರುಗಿಸಿದರು. ಮಾಸ್ತರರು ನಾಲ್ಕನೆಯ ಕರಿ ಮನೆ ಒತ್ತಿ ಹಿಡಿದರು. ರೆಕಾರ್ಡಿನ ದನಿ ಬಂದು ಆ ಸ್ವರದ ಮೇಲೆ ಕುಳಿತುಬಿಟ್ಟಿತು. ಯಾವುದು ಪೇಟಿ, ಯಾವುದು ಯಮುನವ್ವ ಎಂದು ತಿಳಿಯಲಿಲ್ಲ. ಮಾಸ್ತರರ ಕಣ್ಣಲ್ಲಿ ನೀರು ಬಂತು. "ಬಂದ್ಲು ನೋಡು," ಎಂದರು.

ನಾನು ಆ ದನಿಯ ನಟ್ಟನಡುವೆ ತಿರುಗುತ್ತಿದ್ದೆ. ಅವಳ ಉಸಿರು ತುಂಬಿಕೊಳ್ಳುವುದೂ ನನಗೆ ತಾಗುತ್ತಿತ್ತು. ನಿಮಿಷಕ್ಕೆ ಹನ್ನೆರಡು ಸುತ್ತು ಕಡಿಮೆಯಾದದ್ದಕ್ಕೆ ಒಂದು ಹೆಣ್ಣು ಅಷ್ಟು ವರ್ಷ ಗಂಡಸಾಗಿದ್ದಳು. ಈಗ ಇಪ್ಪತ್ತೆರಡರ ಹುಡುಗಿಯಾಗಿ ಎದುರಿಗೆ ನಿಂತಿದ್ದಾಳೆ, ತನ್ನ ಮಗಳ ಅರ್ಧ ವಯಸ್ಸಿನವಳು. ಎಲ್ಲೋ ಕಡಲಾಚೆ ಇಬ್ಬರು ವ್ಯಾಪಾರಿಗಳು ಹಠಕ್ಕೆ ಬಿದ್ದದ್ದು ಇಷ್ಟು ದೂರದ ಒಂದು ಮನೆಯನ್ನು ಹೀಗೆ ತಾಗಬಹುದೆಂದು ಯಾರು ಎಣಿಸಿದ್ದರು?

ಹಾಡಿನ ಎರಡನೆಯ ಸಾಲು ಬಂದಾಗ ಕಸ್ತೂರಿಯ ತುಟಿ ಅಲುಗಿತು. ಅವಳಿಗೇ ಗೊತ್ತಿಲ್ಲದಂತೆ ಸಣ್ಣಗೆ ಜೊತೆಗೂಡಿದಳು. ಮಾಸ್ತರರ ಬೆರಳು ಕರಿ ನಾಲ್ಕನ್ನು ಬಿಡಲಿಲ್ಲ. ಅದೇ ಎತ್ತರ, ಅದೇ ತೆಳುವು, ಅದೇ ಎಳೆ ದಾರ. ಎರಡು ದನಿಗಳು ಒಂದಾದವು. ಸೂಜಿ ಕೊನೆಯ ಗೆರೆಗೆ ಹೋಗಿ ಕರಕರ ಎನ್ನತೊಡಗಿದ ಮೇಲೂ ಅವಳ ದನಿ ಮಾತ್ರ ಉಳಿದಿತ್ತು. ಅದನ್ನು ಕೇಳಿಸಿಕೊಂಡು ಅವಳು ತಟ್ಟನೆ ನಿಲ್ಲಿಸಿದಳು.

"ಹಾಡ, ಹಾಡ," ಎಂದರು ಮಾಸ್ತರರು. "ಆಕಿ ಗಂಟಲನ ಐತಿ."

ಕಸ್ತೂರಿ ಸೆರಗಿನಿಂದ ಮುಖ ಒರೆಸಿಕೊಂಡು, "ಅವ್ವನ್ನ ಕಳಕೊಂಡೇನಿ ಅಂತ ಅಳತಿದ್ನಿ, ಮಾಸ್ತರ," ಎಂದಳು. "ನನ್ನ ಗಂಟಲದಾಗ ಇದ್ದಾಕಿನ್ನ ನಾನ ಇಷ್ಟು ವರ್ಷ ಬಾಯಿ ಮುಚ್ಚಿಸಿ ಕೂಡಿಸಿದ್ನಿ."

ಸಾಬರು ಕ್ಯಾಸೆಟ್ ತುಂಬಿಸಿಕೊಟ್ಟರು. ರೆಕಾರ್ಡಿನ ಜೊತೆ ನನ್ನನ್ನೂ ಅವಳ ಗಂಟಿಗೆ ಹಾಕಿದರು. ತಮ್ಮ ಮೇಜಿಗೆ ಒಂದು ಚಪ್ಪಟೆ ಕಲ್ಲು ಕೊಟ್ಟರು.

ಈಗ ನಾನು ಬ್ಯಾಡಗಿಯಲ್ಲಿ ಕಸ್ತೂರಿಯ ಮನೆಯ ಗೋಡೆಯ ಒಂದು ಗೂಡಿನಲ್ಲಿದ್ದೇನೆ. ನನಗೂ ವಯಸ್ಸಾಯಿತು, ಒಂದು ತೋಳು ಬಿರುಕು ಬಿಟ್ಟಿದೆ. ಅವಳು ಆಮೇಲೆ ಕೊಂಡ ಹಳೆಯ ಪ್ಲೇಯರಿನಲ್ಲಿ ನನ್ನ ಸುತ್ತ ರೆಕಾರ್ಡು ತಿರುಗುವುದು ವರ್ಷಕ್ಕೊಮ್ಮೆ, ಅವ್ವನ ದಿನ ಮಾತ್ರ. ಆ ದಿನ ನನಗೂ ಒಂದು ಬೊಟ್ಟು ಕುಂಕುಮ ಸಿಗುತ್ತದೆ. ಉಳಿದ ದಿನಗಳಲ್ಲಿ ಯಂತ್ರದ ಅಗತ್ಯವೇ ಬೀಳುವುದಿಲ್ಲ. ಬೆಳಿಗ್ಗೆ ಕಸ್ತೂರಿ ಹೊಲಿಗೆ ಮಶೀನು ತುಳಿಯುತ್ತಾ ಹಾಡುತ್ತಾಳೆ, ಮಗ್ಗುಲಲ್ಲಿ ಮೊಮ್ಮಗಳು ಮಲಗಿರುತ್ತಾಳೆ. ನಾನು ಗೂಡಿನಲ್ಲಿ ಕುಳಿತು ಕೇಳುತ್ತೇನೆ. ಕರಿ ನಾಲ್ಕು, ಒಂದು ಕೂದಲಿನಷ್ಟೂ ಕೆಳಗಿಲ್ಲ.